ದೊಡ್ಡಪ್ಪನ ಬಂದೂಕು, ದೇವರ ಮನೆಯ ತೋಟಾ

ತುಮಕೂರಿನ ಬಟವಾಡಿಯ ಟೈಲರ್ ಅಂಗಡಿಯಲ್ಲಿ ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಕೂತಿದ್ದೆ. ಸೊಂಟ ಯಾಕೆ ಬೆಳೆಯಿತೆಂದು ದಯವಿಟ್ಟು ಕೇಳಬೇಡಿ. ಟೈಲರ್ ಮಿಷನ್ನಿಗೆ ಎಣ್ಣೆ ಬಿಟ್ಟ. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಮನಸ್ಸು ಗುಬ್ಬಿ ಹತ್ತಿರದ ದೊಡ್ಡಪ್ಪನ ಮನೆಗೆ ಓಡಿತು. ಅಲ್ಲಿ ಆ ಎಣ್ಣೆ ಬೀಳುತ್ತಿದ್ದುದು ಬಂದೂಕಿಗೆ.

ಕಡಲೆಕಾಯಿ ಹೊಲಕ್ಕೆ ನುಗ್ಗುವ ಕಾಡುಹಂದಿ ಓಡಿಸಲು ಲೈಸೆನ್ಸ್ ಪಡೆದು ತಂದ ಒಂಟಿ ನಳಿಗೆಯ ಬಂದೂಕು ಅದು. ಊರಿಗೆಲ್ಲ ಅದೊಂದೇ. ಬಂದ ನೆಂಟರು ಮೊದಲು ಅದನ್ನು ನೋಡಿ, ಆಮೇಲೆ ಮನೆಯವರ ಕ್ಷೇಮ ವಿಚಾರಿಸುತ್ತಿದ್ದರು. ನಡುಮನೆಯ ಗೂಟಕ್ಕೆ ತೂಗುಹಾಕಿದ್ದ ಆ ಬಂದೂಕಿನೊಳಗೆ ಸದಾ ತೋಟಾ ತುಂಬಿರುತ್ತಿತ್ತು. ಯಾಕೆಂದರೆ, ಹಂದಿಯೇನು ಹೇಳಿ ಕಳಿಸಿ ಬರುತ್ತದೆಯೇ ಎನ್ನುತ್ತಿದ್ದರು ದೊಡ್ಡಪ್ಪ. ಪುಟ್ಟ ಮೊಮ್ಮಗಳು ಸುಧಾ ಮಂಚ ಹತ್ತಿದರೆ ಕೈಗೆ ಎಟುಕುವ ಎತ್ತರದಲ್ಲಿತ್ತು ಅದು.

ಎಂಬತ್ತರ ದಶಕದ ಶುರು. ನಾನು ತುಮಕೂರಿನ ನಾಲ್ಕು ಪುಟದ ಪತ್ರಿಕೆಯೊಂದರ ವರದಿಗಾರ. ನಡಿಗೆ ಮಾತ್ರ ನಲವತ್ತು ಪುಟದ ಪತ್ರಿಕೆಯವನದು. ಕುಣಿಗಲ್ ಕಡೆಯ ಮನೆಯೊಂದರಲ್ಲಿ ಗೋಡೆಯ ಬಂದೂಕು ಹುಡುಗಿಯೊಬ್ಬಳ ಕೈಯಲ್ಲಿ ಸಿಡಿದು ಅವಳ ತಮ್ಮ ತೀರಿಕೊಂಡ. ಆ ಸುದ್ದಿ ಬರೆದೆ. ಓದಿದವರು ಹಣೆಬರಹ ಎಂದು ಲೊಚಗುಟ್ಟಿ ಪುಟ ತಿರುಗಿಸಿದರು. ಓದು ಬಾರದ ದೊಡ್ಡಮ್ಮ ಮಾತ್ರ ಸೊಸೆಯಿಂದ ಎರಡೆರಡು ಸಲ ಓದಿಸಿ ಕೇಳಿದಳು. ಕೇಳಿದವಳೇ ಗಂಡನಿಂದ ಬಂದೂಕು ಖಾಲಿ ಮಾಡಿಸಿ, ತೋಟಾಗಳನ್ನೆಲ್ಲ ದೇವರ ಮನೆಯಲ್ಲಿಟ್ಟು, ಮೇಲಿನ ಚಿಲಕ ಹಾಕಿಬಿಟ್ಟಳು. ಸ್ನಾನ ಮಾಡದೆ ಅಲ್ಲಿಗೆ ಯಾರೂ ಕಾಲಿಡುವಂತಿರಲಿಲ್ಲ.

ದೇವರ ಮುಂದೆ ಯಾರಾದರೂ ಮದ್ದು ಇಡುತ್ತಾರೇನೇ ಎಂದು ದೊಡ್ಡಪ್ಪ ರೇಗಿದರು.

"ದೇವ್ರಿಗೇನೂ ಆಗಲ್ಲ ಬುಡಿ," ಅಂದಳು ದೊಡ್ಡಮ್ಮ. "ಮಗೀಗೆ ಆಗುತ್ತೆ."

ಅಂದಿನಿಂದ ಮುಸ್ಸಂಜೆ ಹೊಲದಲ್ಲಿ ಹಂದಿ ಗುಟುರು ಹಾಕಿದರೆ ದೊಡ್ಡಪ್ಪ ಬಚ್ಚಲಿಗೆ ಓಡಬೇಕು. ಮೈಮೇಲೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ತೋಟಾ ತಂದು ಹೊಲ ಮುಟ್ಟುವ ಹೊತ್ತಿಗೆ ಹಂದಿಗಳು ಉಂಡು ತೇಗಿ ಹೊರಟಿರುತ್ತಿದ್ದವು. ಆ ವರ್ಷ ಸಾಲುಸಾಲು ಕಡಲೆಕಾಯಿ ಹೋಯಿತು. ಮಡಿಯುಟ್ಟು ಬೇಟೆಗೆ ಹೋಗುವ ಯಜಮಾನರೆಂದು ಊರು ನಕ್ಕಿತು. ದೊಡ್ಡಮ್ಮ ಜಪ್ಪಯ್ಯ ಎನ್ನಲಿಲ್ಲ.

ಆಯುಧಪೂಜೆ ಬಂತು. ಹಬ್ಬಕ್ಕೆ ನಾನೂ ಹೋಗಿದ್ದೆ. ದೊಡ್ಡಪ್ಪ ಬಂದೂಕು ಬಿಚ್ಚಿ ಒರೆಸಿ, ಎಣ್ಣೆ ಹಾಕಿ, ಕುಡುಗೋಲು ಮಚ್ಚುಗಳ ಜೊತೆ ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದರು. ಹಳೆಯ ರೂಢಿಯಾಗಿದ್ದರೆ ಒರೆಸಿದ ಕೂಡಲೇ ತೋಟಾ ತುಂಬಿಬಿಡುತ್ತಿದ್ದರು. ಅವರು ತೆಂಗಿನಕಾಯಿ ತರಲು ಅತ್ತ ತಿರುಗಿದರು. ಸುಧಾ ಬಂದೂಕನ್ನು ತೊಡೆಯ ಮೇಲೆ ಎಳೆದುಕೊಂಡಳು. ನಳಿಗೆ ಆರತಿ ತಟ್ಟೆ ಹಿಡಿದು ನಿಂತಿದ್ದ ಅವಳ ತಾಯಿಯ ಕಡೆಗಿತ್ತು. ನಾನು ಬಾಯಿ ತೆರೆಯುವುದರೊಳಗೆ ಮಗು ಟ್ರಿಗರ್ ಎಳೆಯಿತು.

ಟಕ್ ಎಂದಿತು. ಅಷ್ಟೆ.

ದೊಡ್ಡಪ್ಪ ಕಾಯಿ ಕೆಳಗಿಟ್ಟು, ಮಗುವಿನ ತೊಡೆಯಿಂದ ಬಂದೂಕು ಎತ್ತಿಕೊಂಡರು. ಮರುದಿನ ಬಂದೂಕು ಪೆಟ್ಟಿಗೆ ಸೇರಿತು. ಬೀಗದ ಕೈ ದೊಡ್ಡಮ್ಮನ ಸೊಂಟಕ್ಕೆ.

ನಾನು ಉತ್ಸಾಹದಿಂದ ಇದನ್ನೇ ಬರೆದುಕೊಂಡು ಹೋದರೆ, ಏನೂ ಆಗಿಲ್ಲವಲ್ಲ, ಇದು ಸುದ್ದಿ ಹೇಗಾಗುತ್ತದೆ ಎಂದು ಸಂಪಾದಕರು ಹಾಳೆ ವಾಪಸು ಕೊಟ್ಟರು. ದೊಡ್ಡಮ್ಮನಿಗೆ ಹೇಳಿದೆ. ಅವಳು ರಾಗಿ ಕೇರುತ್ತಲೇ ಅಂದಳು: "ಆಗಿದ್ರೆ ಹಾಕ್ತಿದ್ರು ತಾನೆ? ಆಗ್ದೇ ಇರೋಕೆ ಏನ್ಮಾಡ್ಬೇಕು ಅಂತ ಯಾವಾಗ ಹಾಕ್ತಾರಂತೆ, ಕೇಳ್ಕೊಂಡು ಬಾ."

ಹೋಗಿ ಹಾಗೇ ಕೇಳಿದೆ. ಸಂಪಾದಕರು ಕೈ ಚಾಚಿ ಹಾಳೆ ಈಸಿಕೊಂಡರು. ಬಂದೂಕು ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ ಎಂಬ ನನ್ನ ಬರಹ ಸಿನಿಮಾ ಜಾಹೀರಾತಿನ ಕೆಳಗೆ ಅಚ್ಚಾಯಿತು. ನನ್ನ ವೃತ್ತಿಯಲ್ಲಿ ಅದಕ್ಕಿಂತ ಒಳ್ಳೆಯದನ್ನು ನಾನು ಬರೆದಿಲ್ಲ. ಸಂಕೋಚವಿಲ್ಲದೆ ಹೇಳುತ್ತೇನೆ.

ಪ್ಯಾಂಟು ಕೈಗೆ ಬಂದ ಮೇಲೆ ಸೀದಾ ತುಮಕೂರಿನದೇ ಸದಾಶಿವನಗರಕ್ಕೆ, ಸುಧಾಳ ಮನೆಗೆ ಹೋದೆ. ಅವಳೀಗ ಟೀಚರ್. ಎಲ್ಲವನ್ನೂ ಹೇಳಿದೆ.

"ನಂಗೇನೂ ನೆನಪೇ ಇಲ್ಲ ಚಿಕ್ಕಪ್ಪ," ಎಂದು ನಕ್ಕಳು.

ನನಗೆ ಕುಣಿಗಲ್ ಕಡೆಯ ಆ ಹುಡುಗಿ ನೆನಪಾದಳು. ಮರೆಯುವ ಭಾಗ್ಯ ಅವಳಿಗೆ ಸಿಕ್ಕಿರಲಾರದು. ಅಷ್ಟರಲ್ಲಿ, ಅಂದು ಆರತಿ ತಟ್ಟೆ ಹಿಡಿದು ನಿಂತಿದ್ದ ಸುಧಾಳ ತಾಯಿ ಒಳಗಿನಿಂದ ಕಾಫಿ ತಂದರು. ಸಕ್ಕರೆ ವಿಪರೀತವಾಗಿತ್ತು. ಇನ್ನೊಂದು ಲೋಟ ಕೇಳಿ ಕುಡಿದೆ.