ಮೊಬೈಲಿಗೆ ಉಸಿರು ಕೊಟ್ಟವನು

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡ್ ಹಿಂದೆ ಮೊಬೈಲ್ ರಿಪೇರಿ ಮಾಡುತ್ತಿದ್ದವನಿಗೆ ಎಲ್ಲದಕ್ಕೂ ಒಂದೇ ಮಾತು, “ವಸಿ ಉಸಿರಾಡ್ಲಿ ಬಿಡಿ.” ಬಿಸಿ ಟೀಗೂ ಅದನ್ನೇ ಹೇಳಿ ಊದುತ್ತಿದ್ದ.

ನನ್ನ ಮೊಮ್ಮಗಳು ಮೊದಲ ಸಲ ನಡೆದ ವಿಡಿಯೋ ನನ್ನ ಮೊಬೈಲಿನಲ್ಲಿ ಮಾತ್ರ ಇತ್ತು. ಚಾರ್ಜಿಗೆ ಹಾಕಿಕೊಂಡೇ ದಿನವೆಲ್ಲ ನೋಡಿದೆ. ಅದು ರೊಟ್ಟಿ ಹೆಂಚಿನಂತೆ ಕಾಯಿತು. ಜ್ವರದ ಮಗುವಿಗೆ ಹಾಕುವಂತೆ ಒದ್ದೆ ಬಟ್ಟೆ ಸುತ್ತಿ ಅವನಲ್ಲಿಗೆ ಓಡಿದೆ.

ಅವನು ಬಟ್ಟೆ ಬಿಚ್ಚಿ, ಕವರ್ ತೆಗೆದ. ಒಳಗಿಂದ ಮಗುವಿನ ಫೋಟೋ, ಕುಂಕುಮದ ಪೊಟ್ಟಣ, ದೃಷ್ಟಿಗೆಂದು ಇಟ್ಟಿದ್ದ ಒಣಮೆಣಸಿನಕಾಯಿ ಉದುರಿದವು.

“ಮೊಬೈಲ್‌ಗೂ ದಿಷ್ಟಿ ತಾಕ್ತದಾ ಅಜ್ಜಿ?”

“ನಮ್ಮ ಕೂಸು ಅದ್ರೊಳ್ಗೇ ಅಲ್ವೇನಪ್ಪಾ ನಡ್ದಿರೋದು?”

ಊದಿಕೊಂಡಿದ್ದ ಬ್ಯಾಟರಿ ತೆಗೆದು ಹೊಸದು ಹಾಕಿದ. ಮೊಮ್ಮಗಳು ಮತ್ತೆ ತಟಪಟ ನಡೆದಳು. ನಕ್ಕೂ ನಕ್ಕೂ ನನಗೆ ಏದುಸಿರು ಬಂತು. ಅವನು ಸ್ಟೂಲ್ ಎಳೆದುಕೊಟ್ಟ.

“ಅಜ್ಜಿ, ಈಗ ನೀವು ವಸಿ ಉಸಿರಾಡಿ.”