ಅತ್ತೆ ನೋಡುವ ಅಂಗಾಲು

ಬಿಳಿ ಟೈಲ್ಸಿನ ಮೇಲೆ ಅಡುಗೆಮನೆಯಿಂದ ದೇವರ ಕೋಣೆಯ ತನಕ ಕೆಂಪು ಮಚ್ಚೆಗಳಿದ್ದವು. ದೇವಿಯ ಘಟದ ಮುಂದೆ ಕುಂಕುಮದ ನೀರು ಚೆಲ್ಲಿ ಯಾರೋ ತುಳಿದಿದ್ದಾರೆ ಅಂದುಕೊಂಡೆ. ಈ ಮನೆಯಲ್ಲಿ ಯಾರಿಗೂ ಕಣ್ಣಿಲ್ಲವೇನು ಎಂದು ಬೈಯುತ್ತಲೇ ಅರಿವೆ ತಂದು ಒರೆಸತೊಡಗಿದೆ. ಒರೆಸಿ ಮುಂದೆ ಹೋಗಿ ಹಿಂದೆ ತಿರುಗಿದರೆ, ಒರೆಸಿದ ಜಾಗದಲ್ಲೇ ಹೊಸ ಮಚ್ಚೆ.

ಹೆಜ್ಜೆ ನನ್ನದೇ ಆಗಿತ್ತು.

ಅಲ್ಲೇ ಕೂತು ಬಲಗಾಲು ತಿರುಗಿಸಿ ನೋಡಿದೆ. ಕಿರುಬೆರಳಿನ ಬುಡದಲ್ಲಿ ಸೋಯಾಬೀನಿನ ಕೂಳೆಯ ಚೂರೊಂದು ಒಳಗೇ ಮುರಿದು ಕೂತಿತ್ತು. ಬೆಳೆ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಆ ಬುಡ ಸೂಜಿಯಷ್ಟು ಚೂಪಾಗಿರುತ್ತದೆ. ಸುತ್ತ ಬೆಳ್ಳಗೆ ಬಾತಿತ್ತು. ಒತ್ತಿದೆ. ನೋವಿಲ್ಲ. ಉಗುರಿನಿಂದ ಚುಚ್ಚಿದೆ. ನೋವಿಲ್ಲ. ಬೇರೆ ಯಾರದೋ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡ ಹಾಗಿತ್ತು.

ನವರಾತ್ರಿಯ ಆರನೆಯ ದಿನ ಅದು. ಮರಾಠಿ ಸೀಮೆಯ ಉಮರ್ಗಾ ತಾಲೂಕಿನ ನಮ್ಮ ಯೆಣೆಗೂರಿನ ಕಡೆ ನವರಾತ್ರಿ ಬಂತೆಂದರೆ ಅರ್ಧ ಊರಿನ ಹೆಂಗಸರ ಕಾಲಲ್ಲಿ ಚಪ್ಪಲಿ ಇರುವುದಿಲ್ಲ. ಘಟ ಕೂರಿಸಿದ ದಿನ ಬಿಟ್ಟ ಚಪ್ಪಲಿಯನ್ನು ದಸರೆಯ ದಿನವೇ ಮೆಟ್ಟುವುದು. ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆತನ, ಆದರೂ ತುಳಜಾಪುರ ಇಷ್ಟು ಹತ್ತಿರ ಇರುವಾಗ ಅಂಬಾಭವಾನಿಯನ್ನು ಬಿಟ್ಟವರು ನಮ್ಮಲ್ಲೂ ಇಲ್ಲ. ಮಗಳು ರಾಜಶ್ರೀಗೆ ನಿಲಂಗಾದ ಕೋರ್ಟಿನಲ್ಲಿ ಕ್ಲಾರ್ಕ್ ಕೆಲಸ ಸಿಕ್ಕರೆ ಒಂಬತ್ತು ದಿನ ಬರಿಗಾಲಲ್ಲಿ ಇರುತ್ತೇನೆ ಎಂದು ಹರಕೆ ಹೊತ್ತಿದ್ದೆ. ಕೆಲಸ ಸಿಕ್ಕಿತ್ತು. ಸೋಯಾಬೀನ್ ಕೊಯ್ಲೂ ಅದೇ ದಿನಗಳಲ್ಲಿ ಬಿತ್ತು. ಆಳುಗಳ ಹಿಂದೆ ದಿನವೂ ಹೊಲ ಸುತ್ತುತ್ತಿದ್ದೆ.

ನನಗೆ ಶುಗರ್ ಆಗಿ ಆರು ವರ್ಷ. ಅದು ಮರೆತಿತ್ತು ಅಂತಲ್ಲ. ನನ್ನದೇ ಒಂದು ಲೆಕ್ಕಾಚಾರವಿತ್ತು. ಉಪವಾಸ ಮಾಡಿದರೆ ಶುಗರ್ ತಾನೇ ಇಳಿಯುತ್ತದೆ, ಖಾಲಿ ಹೊಟ್ಟೆಯಲ್ಲಿ ಗುಳಿಗೆ ತಗೊಂಡರೆ ತಲೆ ತಿರುಗುತ್ತದೆ, ಆದ್ದರಿಂದ ಒಂಬತ್ತು ದಿನ ಗುಳಿಗೆಯೂ ಬೇಡ. ಡಾಕ್ಟರರನ್ನು ಕೇಳಲಿಲ್ಲ. ಇನ್ನು ಉಪವಾಸವೋ, ಅಯ್ಯೋ ಶಿವನೇ! ಬೆಳಿಗ್ಗೆ ಸಾಬೂದಾಣಿ ಖಿಚಡಿ, ಮಧ್ಯಾಹ್ನ ಬಟಾಟೆ, ಸಂಜೆ ಬಾಳೆಹಣ್ಣು, ನಡುನಡುವೆ ಶೇಂಗಾ ಬೆಲ್ಲದ ಉಂಡೆ, ಸುಸ್ತಾದಾಗಲೆಲ್ಲ ಸಕ್ಕರೆ ಚಹಾ. ದಿನವೂ ತಿನ್ನುವುದಕ್ಕಿಂತ ಹೆಚ್ಚೇ ತಿಂದು, ಉಪವಾಸ ಇದ್ದೇನೆ ಎಂದು ಹೆಮ್ಮೆಪಡುತ್ತಿದ್ದೆ.

ಕೂಳೆಯ ಚೂರು ಕಿತ್ತೆ. ಗಾಯಕ್ಕೆ ಅರಿಶಿನ ತುಂಬಿ ಅರಿವೆ ಸುತ್ತಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಚಪ್ಪಲಿ ಮೆಟ್ಟು ಅನ್ನುತ್ತಾರೆ, ಹರಕೆ ಅರ್ಧಕ್ಕೆ ನಿಲ್ಲುತ್ತದೆ, ನಾಳೆ ಮಗಳ ನೌಕರಿಗೆ ಏನಾದರೂ ಆದರೆ? ಇನ್ನು ಮೂರೇ ದಿನ ಅಲ್ಲವೇ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಹುಟ್ಟಿದಾಗಿನಿಂದ ನಾನು ಹಟಮಾರಿ. ಆ ಮೂರು ದಿನ ನೆನೆದರೆ ಈಗಲೂ ನನ್ನ ತಲೆ ನಾನೇ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ದಸರೆಯ ದಿನ ಬೆಳಿಗ್ಗೆಯೇ ಚಳಿ ಬಂತು. ಹೊದ್ದುಕೊಂಡು ಕೂತಿದ್ದೆ. ರಜೆಗೆ ಬಂದ ರಾಜಶ್ರೀ ಕೈಯಲ್ಲಿ ಬನ್ನಿ ಎಲೆ ಹಿಡಿದು ಬಂದಳು. ಬನ್ನಿ ಕೊಟ್ಟು ಹಿರಿಯರ ಕಾಲಿಗೆ ಬೀಳುವ ದಿನ ಅದು. ಬಗ್ಗಿ ನನ್ನ ಕಾಲು ಮುಟ್ಟಿದವಳು ಏಳಲಿಲ್ಲ.

"ಅವ್ವಾ, ಏನ ವಾಸನಿ ಇದು?"

ಅರಿವೆ ಬಿಚ್ಚಿದಳು. ಕಿರುಬೆರಳು ಕಪ್ಪಾಗಿತ್ತು.

ಉಮರ್ಗಾದ ಆಸ್ಪತ್ರೆಯ ಡಾಕ್ಟರು ಮೊದಲು ಮರಾಠಿಯಲ್ಲಿ ರೇಗಿದರು. "ಬಾಯಿ, ಇತಕೆ ದಿವಸ ಕಾಯ್ ಕರತ ಹೋತಾ?" ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು. ನಾವು ನಮ್ಮೊಳಗೆ ಕನ್ನಡದಲ್ಲಿ ಗುಸುಗುಸು ಅನ್ನುವುದನ್ನು ಕೇಳಿ ಅವರೂ ಕನ್ನಡಕ್ಕೆ ಬಂದರು. ಉದಗೀರ ಕಡೆಯವರಂತೆ. ಶುಗರಿನಿಂದ ಕಾಲಿನ ನರಗಳಿಗೆ ಸ್ಪರ್ಶ ಹೋಗಿದೆ, ಇದಕ್ಕೆ ನ್ಯೂರೋಪತಿ ಅನ್ನುತ್ತಾರೆ, ಅದಕ್ಕೇ ನೋವು ಗೊತ್ತಾಗಿಲ್ಲ, ಇನ್‌ಫೆಕ್ಷನ್ ಮೇಲೆ ಏರುತ್ತಿದೆ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಆಮೇಲೆ ಕನ್ನಡಕ ತೆಗೆದರು.

"ಬೆರಳ ಹೋಗೂದು ಖರೆ ಅದರೀ. ಪಾದ ಉಳಸ್ಲಿಕ್ಕೆ ನೋಡ್ತೀನಿ."

ಎಂದೂ ನನ್ನೆದುರು ದನಿ ಏರಿಸದ ರಾಜಶ್ರೀ ಅಲ್ಲೇ ವಾರ್ಡಿನಲ್ಲಿ ಅಳುತ್ತ ಕೂಗಿದಳು.

"ಪರೀಕ್ಷಾ ಬರದು ನೌಕರಿ ತಗೊಂಡಾಕಿ ನಾ ಇದ್ದೀನಿ ಅವ್ವಾ! ಅದಕ್ಕ ನಿನ್ನ ಕಾಲು ಯಾರ ಕೇಳಿದ್ರು?"

ಆಪರೇಷನ್ ಆಯಿತು. ಕಿರುಬೆರಳು ಹೋಯಿತು. ಸಲಾಯಿನ್, ಇನ್ಸುಲಿನ್, ದಿನಕ್ಕೊಂದು ಡ್ರೆಸ್ಸಿಂಗ್. ಡ್ರೆಸ್ಸಿಂಗ್ ಮಾಡುವಾಗ ಪಕ್ಕದ ಹಾಸಿಗೆಯ ಮುದುಕ ಕಿರುಚಿದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವನಿಗೆ ನೋವಾದರೂ ಇದೆಯಲ್ಲ ಅನಿಸುತ್ತಿತ್ತು. ಹತ್ತನೆಯ ದಿನ ಮನೆಗೆ ಕಳಿಸುವಾಗ ಡಾಕ್ಟರು ಮೂರು ಮಾತು ಹೇಳಿದರು. ಗಾಯ ಮುಚ್ಚುವ ತನಕ ಆ ಕಾಲಿನ ಮೇಲೆ ಭಾರ ಹಾಕಬಾರದು. ಶುಗರ್ ಹತೋಟಿಯಲ್ಲಿ ಇರಬೇಕು. ಮತ್ತೆ ಎರಡೂ ಅಂಗಾಲನ್ನು ಮನೆಯವರು ಯಾರಾದರೂ ದಿನಾ ಸಂಜೆ ಬೆಳಕಿನಲ್ಲಿ ನೋಡಬೇಕು, ಯಾಕೆಂದರೆ ಕಾಲಿಗೆ ಏನೇ ಆದರೂ ಕಾಲು ಹೇಳುವುದಿಲ್ಲ. ಇನ್ನೊಂದು ಗಾಯವಾದರೆ ಪಾದ ಉಳಿಸುವ ಮಾತನ್ನು ನಾನು ಕೊಡಲಾರೆ ಎಂದರು.

ಮನೆಗೆ ಬಂದೆ. ನನಗೆ ಹೆದರಿಕೆ ಇದ್ದದ್ದು ಅತ್ತೆಯದು. ಎಪ್ಪತ್ತೆಂಟು ವರ್ಷದ ಅವರು ಲಿಂಗಪೂಜೆ ಆಗದೆ ಹನಿ ನೀರು ಮುಟ್ಟುವವರಲ್ಲ. ಮಾತು ಕಡಿಮೆ. ಅವರು ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವರು ಬೈಯಲೇ ಇಲ್ಲ.

ಅಂಗಾಲು ನೋಡುವ ಕೆಲಸ ಮನೆಯವರ, ಎಂದರೆ ನನ್ನ ಗಂಡನ, ಪಾಲಿಗೆ ಬಂತು. ಮೊದಲ ಸಂಜೆ ಬಾಗಿಲಲ್ಲೇ ನಿಂತು ಕತ್ತು ಚಾಚಿ, "ಛಲೋ ಅದ," ಅಂದರು. ಎರಡನೆಯ ಸಂಜೆಯೂ ಅಷ್ಟೇ. ಪಾಪ, ಅವರಿಗೆ ಆ ಕಾಲು ನೋಡಲು ಧೈರ್ಯ ಸಾಲುತ್ತಿರಲಿಲ್ಲ. ಮೂರನೆಯ ಸಂಜೆ ಅತ್ತೆ ಕನ್ನಡಕ ಹಾಕಿಕೊಂಡು, ಮಗನ ಕೈಯಿಂದ ಮೊಬೈಲ್ ಕಸಿದು ಟಾರ್ಚ್ ಹಚ್ಚಿಸಿಕೊಂಡು, ನನ್ನ ಮಂಚದ ಕಾಲದೆಸೆಗೆ ಬಂದು ಕೂತರು. ನನ್ನ ಪಾದ ಎತ್ತಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

ಧಡಕ್ಕನೆ ಕಾಲು ಎಳೆದುಕೊಂಡೆ. ಮೂವತ್ತು ವರ್ಷ ಹಬ್ಬಹಬ್ಬಕ್ಕೆ ನಾನು ಮುಟ್ಟಿ ನಮಸ್ಕಾರ ಮಾಡಿದ ಹಿರಿಯ ಜೀವ, ಸೊಸೆಯ ಕಾಲು ಮುಟ್ಟುವುದೆಂದರೇನು!

"ಬ್ಯಾಡ್ರೀ ಅತ್ತಿ, ನಿಮ್ಮ ಕೈಲೆ ನನ್ನ ಕಾಲು ಮುಟ್ಟಿಸ್ಕೊಂಡ್ರ ನನಗ ಪಾಪ ಬರ್ತದ."

"ಪಾಪ ನನಗಿರ್ಲಿ, ಕಾಲು ನಿನಗಿರ್ಲಿ. ಚಾಚು."

ಚಾಚಿದೆ. ಅತ್ತು ಅತ್ತು ಸೆರಗು ತೋಯಿತು. ಅವರು ನನ್ನ ಮುಖ ನೋಡಲಿಲ್ಲ. ಹಿಮ್ಮಡಿ, ಅಂಚು, ಬೆರಳ ಸಂದುಗಳನ್ನೆಲ್ಲ ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ ಹುಡುಕಿದರು. ಕೊನೆಗೆ ಬೆರಳಿನಿಂದ ಅಂಗಾಲು ಒತ್ತಿ, "ಗೊತ್ತಾಗ್ತದೇನು?" ಅಂದರು. "ಇಲ್ರಿ," ಅಂದೆ. "ಇರ್ಲಿ," ಎಂದು ಎದ್ದು ಹೋದರು. ಅಂದಿನಿಂದ ಒಂದು ಸಂಜೆಯೂ ತಪ್ಪಲಿಲ್ಲ.

ಅಡುಗೆಮನೆಯನ್ನೂ ಅವರೇ ತಗೊಂಡರು. ಆಸ್ಪತ್ರೆಯಲ್ಲಿ ಕೊಟ್ಟ ಡಯಟ್ ಚೀಟಿಯನ್ನು ರಾಜಶ್ರೀ ಓದಿ ಹೇಳಿದಾಗ ಅತ್ತೆ ಮೂಗು ಮುರಿದರು. "ಇದರಾಗ ಹೊಸಾದು ಏನದ? ಮಳಿ ಹೋಗಿ ಬಿಸಿಲು ಬಿತ್ತಂದ್ರ ಮೈಯಾಗ ಉರಿ ಏಳ್ತದ. ಈ ದಿನದಾಗ ಹೊಲದಾಗ ಏನ ಬಂದದ ಅದನ್ನ ತಿನ್ನಬೇಕು. ಸಾಬೂದಾಣಿ ನಿನ್ನ ಹೊಲದಾಗ ಬೆಳೀತದೇನು, ಮಾದೇವಿ?" ಹೊಲದಿಂದ ಬಂದ ಹೊಸ ಹೆಸರುಕಾಳು, ಬೇಲಿಯ ಮೇಲಿನ ಹೀರೇಕಾಯಿ, ಪುಂಡಿ ಪಲ್ಯ, ಎಳೆ ಮೆಂತೆ, ಬೆಣ್ಣೆ ತೆಗೆದ ಮಜ್ಜಿಗೆ. ಮೊದಲು ಪಲ್ಯ, ಆಮೇಲೆ ರೊಟ್ಟಿ. ರೊಟ್ಟಿ ಎರಡೇ, ಮೂರನೆಯದು ಕೇಳಿದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹಸಿ ಶೇಂಗಾ ಕುದಿಸಿದ ದಿನ ಒಂದು ಹಿಡಿ ಎಣಿಸಿದ ಹಾಗೆ ಕೊಡುತ್ತಿದ್ದರು. ಸಕ್ಕರೆ ಇಲ್ಲದ ಚಹಾಕ್ಕೆ ಮಾತ್ರ ನಾನು ನಾಲ್ಕು ದಿನ ಜಗಳ ಆಡಿದೆ. ಐದನೆಯ ದಿನ ಅವರೂ ತಮ್ಮ ಲೋಟಕ್ಕೆ ಸಕ್ಕರೆ ಹಾಕಿಕೊಳ್ಳದೆ ನನ್ನೆದುರೇ ಕೂತು ಕುಡಿದರು. ಕುಡಿದು ಮುಖ ಹುಳ್ಳಗೆ ಮಾಡಿದರು. ಇಬ್ಬರಿಗೂ ನಗು ಬಂತು, ನನ್ನ ಜಗಳ ಅಲ್ಲಿಗೆ ಮುಗಿಯಿತು.

ಬೆಳಿಗ್ಗೆ ತಿಂಡಿಗೆ ಮುಂಚೆ ಲಿಂಗಪೂಜೆಗೆ ಜೊತೆಗೆ ಕೂರಿಸಿಕೊಳ್ಳತೊಡಗಿದರು. ಲಿಂಗ ಕಟ್ಟಿಕೊಂಡಿದ್ದೆನೇ ಹೊರತು ಅಷ್ಟು ವರ್ಷ ವಿಭೂತಿ ಹಚ್ಚಿ ಎರಡು ನಿಮಿಷದಲ್ಲಿ ಎದ್ದು ಒಲೆಗೆ ಓಡುತ್ತಿದ್ದವಳು ನಾನು. ಈಗ ಓಡಲು ಕಾಲಿರಲಿಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ರೆಪ್ಪೆ ಬಡಿಯದೆ ನೋಡು ಅನ್ನುತ್ತಿದ್ದರು. ನೋಡಿದರೆ ಹಾಲು ಉಕ್ಕಿತೇ, ಆಕಳು ಕಟ್ಟಿದರೇ, ಆಸ್ಪತ್ರೆಯಿಂದ ತಂದ ಚಾದರ ತೊಳೆಯಲು ಹಾಕಿದರೇ, ತಲೆಯಲ್ಲಿ ಇದೇ. ಹೀಗೆ ವಾರ ಕಳೆಯಿತು. ಒಂದು ಬೆಳಿಗ್ಗೆ ಕಣ್ಣೆತ್ತಿದರೆ ಅಂಗಳದ ಬಿಸಿಲು ಹೊಸ್ತಿಲ ತನಕ ಬಂದಿತ್ತು. ಅಷ್ಟು ಹೊತ್ತು ನನ್ನ ತಲೆಯಲ್ಲಿ ಏನೂ ಇರಲಿಲ್ಲ, ಕಾಲು ಹೋದೀತು ಎಂಬ ಭಯ ಕೂಡ. ಪೂಜೆಯಿಂದ ಶುಗರ್ ಇಳಿಯಿತು ಎಂದು ನಾನು ಹೇಳುವುದಿಲ್ಲ, ಅದನ್ನು ಇಳಿಸಿದ್ದು ಇನ್ಸುಲಿನ್, ಗುಳಿಗೆ, ಅತ್ತೆಯ ಎರಡು ರೊಟ್ಟಿ. ಆದರೆ ಎಲ್ಲರ ಮೇಲೆ ಹರಿಹಾಯುವ ನನ್ನ ಸಿಟ್ಟು ಇಳಿಯಿತು. ನಿದ್ದೆ ಬರತೊಡಗಿತು. ಹಸಿವಿಗೂ ಬಾಯಿಚಪಲಕ್ಕೂ ವ್ಯತ್ಯಾಸ ತಿಳಿಯಿತು.

ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಗಾಯ ಮುಚ್ಚುತ್ತಿದೆ ಎಂದು ನಾನು ಹಿಗ್ಗಿದ್ದೆ. ಆ ಸಂಜೆ ಅತ್ತೆಯ ಕೈ ನನ್ನ ಹಿಮ್ಮಡಿಯ ಹತ್ತಿರ ನಿಂತಿತು. ಟಾರ್ಚ್ ಇನ್ನಷ್ಟು ಹತ್ತಿರ ಹಿಡಿದರು.

"ಇಲ್ಲಿ ಕೆಂಪ ಆಗ್ಯಾದ."

ನನಗೇನೂ ಗೊತ್ತಾಗುತ್ತಿರಲಿಲ್ಲ. ಮನೆಯವರು ನೋಡಿ, "ಏನಿಲ್ಲ ಬಿಡವ್ವಾ, ಹಾಸಿಗಿ ಒತ್ತಿರಬೇಕು," ಅಂದರು. ಅತ್ತೆ ಒಪ್ಪಲಿಲ್ಲ. "ನಿನ್ನಿ ಇರಲಿಲ್ಲ. ನಾ ದಿನಾ ನೋಡ್ತೀನಿ, ನನಗ ಗೊತ್ತದ. ಮುಂಜಾನಿ ಮೊದಲನೇ ಬಸ್ಸಿಗಿ ನಡೀರಿ."

ಬೆಳಿಗ್ಗೆ ಎಸ್.ಟಿ. ಬಸ್ಸಿನಲ್ಲಿ ಉಮರ್ಗಾಕ್ಕೆ ಹೋದೆವು. ಡಾಕ್ಟರು ಒತ್ತಿ ನೋಡಿದರು. ಮುಂಗಾಲಿಗೆ ಭಾರ ಬೀಳಬಾರದೆಂದು ನಾನು ಹಿಮ್ಮಡಿಯನ್ನೇ ಊರುತ್ತಿದ್ದೆನಂತೆ, ಒಳಗೆ ಹುಣ್ಣು ಕಟ್ಟಲು ಶುರುವಾಗಿತ್ತು. ಚರ್ಮ ಇನ್ನೂ ಒಡೆದಿರಲಿಲ್ಲ.

"ಇದನ್ನ ಯಾರ ನೋಡಿದ್ರು?"

ಅತ್ತೆ ಸೆರಗು ಸರಿಮಾಡಿಕೊಂಡರು. "ನಾನ್ರಿ."

"ಆಯಿ, ಪಾದ ಉಳಸ್ದವ್ರು ನೀವು," ಅಂದರು ಡಾಕ್ಟರು.

ಹಿಮ್ಮಡಿಗೆ ಮೆತ್ತನೆಯ ಪ್ಯಾಡ್ ಕಟ್ಟಿ ಮೂರು ವಾರ ನೆಲಕ್ಕೆ ಕಾಲೂರದ ಹಾಗೆ ಮಲಗಿಸಿದರು. ಹುಣ್ಣು ಅಲ್ಲೇ ಆರಿತು. ಬೆರಳಿನ ಗಾಯವೂ ಮುಚ್ಚಿತು. ಸಂಕ್ರಾಂತಿಗೆ ನಾನು ಎರಡು ಕಾಲಲ್ಲಿ ಎದ್ದು ನಿಂತು ಅಂಗಳದ ತನಕ ಹೋಗಿ ಬಂದೆ. ಮನೆಯವರು ಹಿಂದೆ ಹಿಂದೆಯೇ ಕೈ ಚಾಚಿಕೊಂಡು ಬರುತ್ತಿದ್ದರು. ನನಗೆ ಜೋರಾಗಿ ನಗು ಬಂತು. ಅಷ್ಟು ಸಂತೋಷ ನನಗೆ ಮಗಳ ನೌಕರಿಯ ಕಾಗದ ಬಂದ ದಿನವೂ ಆಗಿರಲಿಲ್ಲ.

ಈಗ ಮತ್ತೆ ನವರಾತ್ರಿ. ಮೊನ್ನೆ ಘಟ ಕೂರಿಸಿದೆವು. ಓಣಿಯ ಹೆಂಗಸರು ಚಪ್ಪಲಿ ಬಿಟ್ಟಿದ್ದಾರೆ, ನಾನು ಬೂಟು ಹಾಕಿಕೊಂಡು ಹೊಲಕ್ಕೆ ಹೋಗುತ್ತೇನೆ. "ಮಾದೇವಕ್ಕ ಪೊಲೀಸ ಆಗ್ಯಾಳ," ಎಂದು ನಗುತ್ತಾರೆ. ನಗಲಿ. ನಾನೂ ಗುಳಿಗೆ ನುಂಗಿ, ಹೊತ್ತಿಗೆ ಸರಿಯಾಗಿ ರೊಟ್ಟಿ ಪಲ್ಯ ಉಂಡು, ಅಂಬೆಗೆ ಕೈ ಮುಗಿಯುತ್ತೇನೆ. ಅವಳಿಗೆ ನನ್ನ ಮೇಲೆ ಸಿಟ್ಟಿದ್ದ ಹಾಗೆ ಕಾಣುವುದಿಲ್ಲ.

ನಿನ್ನೆ ಸಂಜೆ ಅತ್ತೆ ಟಾರ್ಚ್ ಹಿಡಿದು ಬಂದಾಗ ನಾನು ಮೊದಲು ಅವರ ಕಾಲನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡೆ. ನಿಮಗೂ ವಯಸ್ಸಾಯಿತು, ನಿಮ್ಮದು ನೋಡುವವರು ಯಾರು ಎಂದೆ. ಅಷ್ಟು ವರ್ಷ ಅವರ ಪಾದ ಮುಟ್ಟಿದ್ದೇನೆ, ಅಂಗಾಲು ನೋಡಿದ್ದು ಅದೇ ಮೊದಲು. ಒಡೆದ ಹಿಮ್ಮಡಿ, ಸವೆದ ಚರ್ಮ. ಬೆರಳು ಆಡಿಸಿದ್ದೇ ತಡ, ಎಂದೂ ಗಟ್ಟಿಯಾಗಿ ನಗದ ಅತ್ತೆ ಕಿಲಕಿಲ ನಕ್ಕು ಕಾಲು ಕಿತ್ತುಕೊಂಡರು.

"ಏ ಬಿಡ ಹುಚ್ಚಿ, ಕಚಗುಳಿ ಆಗ್ತದ!"

ನಾನೂ ನಕ್ಕೆ. ನಗುತ್ತಿದ್ದವಳಿಗೆ ಯಾಕೋ ಕಣ್ಣು ತುಂಬಿತು. ಕಚಗುಳಿ ಎಂಬುದು ನನ್ನ ಅಂಗಾಲಿಗೆ ಇನ್ನಿಲ್ಲ. ಒಂದು ವರ್ಷ ದಿನವೂ ಆ ಕೈ ನನ್ನ ಪಾದ ಹಿಡಿದಿದೆ, ಒಂದು ಸಲವೂ ಅದು ನನಗೆ ಗೊತ್ತಾಗಿಲ್ಲ, ಕಣ್ಣಿಂದ ಕಂಡದ್ದಷ್ಟೇ.

ಅತ್ತೆ ನನ್ನ ಮುಖ ನೋಡಿದರು. ನಗು ನಿಲ್ಲಿಸಿ, ನನ್ನ ಬಲಗಾಲು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಒಂದೊಂದೇ ಬೆರಳು ಬಿಡಿಸಿ ನೋಡಿದರು. ಅಂಗಾಲು ಒತ್ತಿ ಎಂದಿನ ಹಾಗೆ ಕೇಳಿದರು.

"ಗೊತ್ತಾಗ್ತದೇನು?"

"ಇಲ್ರಿ."

"ಇರ್ಲಿ ಬಿಡು. ನನಗ ಗೊತ್ತಾಗ್ತದಲ್ಲ, ಬೆಚ್ಚಗ ಅದ."