ಸೀಟಿನ ಮೇಲೆ ಹಾಕಿದ ಸಹಿ

ಕೆರೆಯ ಗೇಟಿಗೆ ಇನ್ನೂ ಐವತ್ತು ಹೆಜ್ಜೆ ಇರುವಾಗಲೇ ಎನಾಮೆಲ್ ಪೇಂಟಿನ ವಾಸನೆ ಮೂಗಿಗೆ ಬಡಿಯಿತು. ಬೆಳಗಿನ ಆರೂವರೆ. ಗೇಟಿನ ಪಕ್ಕದ ಹಳದಿ ಬೋರ್ಡು ಮಾಸಿಹೋಗಿತ್ತಲ್ಲ, ಒಬ್ಬ ಪೇಂಟರ್ ಸ್ಟೂಲು ಹಾಕಿಕೊಂಡು ಹಳೆಯ ಅಕ್ಷರಗಳ ಮೇಲೇ ಕಪ್ಪು ಬಣ್ಣ ತೀಡುತ್ತಿದ್ದ. ನಾನು ಅಲ್ಲೇ ನಿಂತೆ. ಆರು ವರ್ಷದ ಹಿಂದೆ ಆ ಬೋರ್ಡು ಮೊದಲ ಸಲ ಎದ್ದ ಬೆಳಿಗ್ಗೆಯೂ ಗೇಟಿನಲ್ಲಿ ಇದೇ ವಾಸನೆ ಇತ್ತು. ಅವತ್ತು ಗೇಟಿನ ಹೊರಗೆ ಒಬ್ಬರು ಸೈಕಲ್ ಹಿಡಿದುಕೊಂಡು ನಿಂತಿದ್ದರು...

ಅವರನ್ನು ನಾನು ಕರೆಯುತ್ತಿದ್ದದ್ದು ಅಣ್ಣ ಅಂತ. ಊರಿಗೆಲ್ಲ ಅವರು ಸೈಕಲ್ ಶಾಪಿನವರು. ನಾನು ಗುಬ್ಬಿಯ ಶಾಲೆಯೊಂದರಲ್ಲಿ ಟೀಚರಾಗಿದ್ದೆ, ಮನೆ ತುಮಕೂರಿನಲ್ಲಿ. ಇಪ್ಪತ್ತಾರು ವರ್ಷ ದಿನಾ ಬೆಳಿಗ್ಗೆ ಸೈಕಲ್ ತುಳಿದುಕೊಂಡು ಸ್ಟೇಷನ್ ಹತ್ತಿರದ ಅವರ ಅಂಗಡಿಗೆ ಬಂದು, ಅಲ್ಲಿ ಸೈಕಲ್ ಬಿಟ್ಟು, ಗುಬ್ಬಿಯ ರೈಲು ಹಿಡಿಯುತ್ತಿದ್ದೆ. ಸಂಜೆ ಬಂದರೆ ಸೈಕಲ್ಲು ರಸ್ತೆಗೆ ಮುಖ ಮಾಡಿ ನಿಂತಿರುತ್ತಿತ್ತು, ಎರಡೂ ಟೈರಿಗೆ ಗಾಳಿ ತುಂಬಿರುತ್ತಿತ್ತು. ಒಂದು ಸಲ ಸೀರೆಯ ಅಂಚು ಚೈನಿಗೆ ಸಿಕ್ಕಿ ಹರಿದಾಗ ಎಣ್ಣೆ ಡಬ್ಬದ ತಗಡು ಕತ್ತರಿಸಿ ಚೈನಿಗೆ ಕವರ್ ಮಾಡಿ ಕೂರಿಸಿಕೊಟ್ಟರು. ಇಷ್ಟೆಲ್ಲ ವರ್ಷದಲ್ಲಿ ನಾವು ಮಾತಾಡಿದ್ದು ಅಷ್ಟಕ್ಕಷ್ಟೇ. ಬರ್ತೀನಣ್ಣ ಅಂದರೆ ಹೂಂ ಟೀಚರಮ್ಮ ಅನ್ನುತ್ತಿದ್ದರು.

ಅವರ ಬಲಗಾಲು ಎಳವೆಯಲ್ಲೇ ಪೋಲಿಯೋದಿಂದ ಸಣ್ಣದಾಗಿತ್ತು. ನಡೆಯಬೇಕಾದರೆ ಪ್ರತಿ ಹೆಜ್ಜೆಗೂ ಬಲಗೈಯಿಂದ ತೊಡೆ ಅದುಮಿ ಹಿಡಿಯಬೇಕು. ಅಂಗಡಿಯಿಂದ ಎದುರಿನ ಟೀ ಅಂಗಡಿಗೆ ಹೋಗಿಬರುವಷ್ಟರಲ್ಲಿ ಹಣೆಯ ಮೇಲೆ ಬೆವರು. ಆದರೆ ಸೈಕಲ್ ಹತ್ತಿದರೆ ಆ ಕಾಲು ಎಲ್ಲಿ ಹೋಯಿತೋ ಅನ್ನಬೇಕು. ಬಲಗಡೆಯ ಪೆಡಲ್ಲಿಗೆ ಹಳೇ ಟ್ಯೂಬು ಕತ್ತರಿಸಿ ಪಟ್ಟಿ ಕಟ್ಟಿದ್ದರು. ಅದರೊಳಗೆ ಪಾದ ತೂರಿಸಿ, ಎಡಗಾಲಿನಲ್ಲಿ ತುಳಿಯುತ್ತ, ಬೆನ್ನು ನೆಟ್ಟಗೆ ಮಾಡಿ ಕೂತು ಹೋಗುತ್ತಿದ್ದರೆ ಗೊತ್ತಿಲ್ಲದವರಿಗೆ ಏನೂ ತಿಳಿಯುತ್ತಿರಲಿಲ್ಲ.

ನಾನು ರಿಟೈರಾದ ವರ್ಷವೇ ಸಕ್ಕರೆ ಕಾಯಿಲೆಯೂ ಬಂತು. ಡಾಕ್ಟರು ದಿನಾ ನಡೆಯಿರಿ ಅಂದರು. ಅಮಾನಿಕೆರೆಯ ಸುತ್ತ ಆಗಷ್ಟೇ ದಾರಿ ಮಾಡಿ, ಗಿಡ ನೆಟ್ಟು, ಬೆಂಚು ಹಾಕಿದ್ದರು. ಮೊದಲನೇ ದಿನವೇ ಎದುರಿಗೆ ಅಣ್ಣ ಬಂದರು, ಸೈಕಲ್ ಮೇಲೆ. ಅವರಿಗೂ ಸಕ್ಕರೆಯಂತೆ, ಅವರಿಗೂ ಡಾಕ್ಟರು ಅದನ್ನೇ ಹೇಳಿದ್ದರಂತೆ. ನಾನೂ ವಾಕಿಂಗ್ ಬಂದೆ ಟೀಚರಮ್ಮ ಅಂದರು, ತಮಾಷೆಗಲ್ಲ, ನಿಜವಾಗಿಯೇ. ಅದೆಷ್ಟು ನಿಧಾನ ತುಳಿಯುತ್ತಿದ್ದರೆಂದರೆ ಬಿರುಸಾಗಿ ನಡೆಯುವ ಹೆಂಗಸರು ಅವರನ್ನು ಹಿಂದೆ ಹಾಕುತ್ತಿದ್ದರು.

ನಾವೆಲ್ಲ ದೇವಸ್ಥಾನ ಸುತ್ತುವ ಹಾಗೆ ನೀರನ್ನು ಬಲಕ್ಕೆ ಇಟ್ಟುಕೊಂಡು ಸುತ್ತುತ್ತಿದ್ದೆವು. ಹಾಗೆ ಮಾಡಿ ಅಂತ ಯಾರೂ ಹೇಳಿರಲಿಲ್ಲ. ಅವರೊಬ್ಬರೇ ಎದುರು ದಿಕ್ಕಿನಿಂದ ಬರುತ್ತಿದ್ದದ್ದು. ಹಿಂದೆ ಬಂದರೆ ಬೆನ್ನು ಕಾಣುತ್ತೆ, ಎದುರಿಗೆ ಬಂದರೆ ಮುಖ ಕಾಣುತ್ತೆ ಅನ್ನುವುದು ಅವರ ಲೆಕ್ಕ. ಗುರುತಿನವರು ಸಿಕ್ಕರೆ ಎರಡು ಸಲ ಬೆಲ್ಲು. ನಾವು ಕೈ ಎತ್ತಬೇಕು. ಎತ್ತದಿದ್ದರೆ ಮತ್ತೆರಡು. ಇಪ್ಪತ್ತಾರು ವರ್ಷ ಮಕ್ಕಳ ಹಾಜರಿ ಕೂಗಿದವಳು ನಾನು, ಇಳಿವಯಸ್ಸಿನಲ್ಲಿ ಸೈಕಲ್ ಬೆಲ್ಲಿಗೆ ಕೈ ಎತ್ತಿ ಹಾಜರಿ ಕೊಡುವಂತಾಯಿತು.

ಆ ಹಾಜರಿ ಬರೀ ಆಟವಾಗಿರಲಿಲ್ಲ. ಒಂದು ಸಲ ನನಗೆ ವೈರಲ್ ಜ್ವರ ಬಂದು ಮಲಗಿದ್ದೆ. ಮೂರನೇ ದಿನ ಬೆಳಿಗ್ಗೆ ಮನೆಯ ಮುಂದೆ ಎರಡು ಸಲ ಬೆಲ್ಲು ಕೇಳಿಸಿತು. ಎದ್ದು ಹೋಗಿ ನೋಡಿದರೆ ಹ್ಯಾಂಡಲ್ಲಿನ ಎರಡೂ ಕಡೆ ಎಳನೀರು ನೇತುಹಾಕಿಕೊಂಡು ಬಂದಿದ್ದಾರೆ. ಸೈಕಲ್ಲಿನಿಂದ ಇಳಿಯಲೂ ಇಲ್ಲ. ಮೂರು ದಿನ ಕಾಣಲಿಲ್ಲವಲ್ಲ ಅಂತ ಬಂದೆ ಎಂದು ಹೇಳಿ, ಎಳನೀರು ಗೇಟಿಗೆ ತಗುಲಿಸಿ ಹೊರಟುಹೋದರು. ಹೀಗೆ ಅವರು ಹುಡುಕಿಕೊಂಡು ಹೋದ ಮನೆಗಳು ಎಷ್ಟೋ.

ಆಮೇಲೆ ಕೆಲವು ಹುಡುಗರ ಕಾಟ ಶುರುವಾಯಿತು. ಗೇರ್ ಸೈಕಲ್ಲಿನಲ್ಲಿ ನಾಲ್ಕೈದು ಜನ ಪಂದ್ಯ ಕಟ್ಟಿಕೊಂಡು ಬರುವುದು, ನಡೆಯುವವರ ಮಧ್ಯೆ ತೂರುವುದು. ಒಂದು ದಿನ ನಮ್ಮ ಜೊತೆ ನಡೆಯುತ್ತಿದ್ದ ಬ್ಯಾಂಕಿನ ಅಕ್ಕನಿಗೆ ಗುದ್ದಿಯೇಬಿಟ್ಟರು. ಅಕ್ಕನ ಮಣಿಕಟ್ಟು ಮುರಿಯಿತು. ಮಾರನೆಯ ದಿನ ಗೇಟಿನ ಹೊರಗಿನ ರಾಗಿ ಅಂಬಲಿ ಗಾಡಿಯ ಹತ್ತಿರ ಎಲ್ಲರೂ ಸೇರಿ, ಸೈಕಲ್ ನಿಲ್ಲಿಸಬೇಕು, ಅರ್ಜಿ ಕೊಡೋಣ ಅಂದರು. ಬರೆಯುವವರು ಯಾರು? ಇದ್ದಾಳಲ್ಲ ಟೀಚರು.

ಬರೆದೆ. ಚೆನ್ನಾಗಿಯೇ ಬರೆದೆ, ಅದೇ ನನ್ನ ಕರ್ಮ. ವಾಕಿಂಗ್ ದಾರಿಯಲ್ಲಿ ಸೈಕಲ್ ಪ್ರವೇಶ ನಿಷೇಧಿಸಬೇಕು ಅಂತ ಬರೆದರೆ ಸಾಕಿತ್ತು. ಅದು ಬೋಳು ಬೋಳಾಗಿ ಕಂಡಿತು. ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಯಾರಿಗೂ, ಯಾವ ಕಾರಣಕ್ಕೂ ವಿನಾಯಿತಿ ಇರಕೂಡದು. ಓದಿ ಹೇಳಿದಾಗ ಎಲ್ಲರೂ ಭೇಷ್ ಅಂದರು. ನನಗೂ ಒಳಗೊಳಗೇ ಹಿಗ್ಗು.

ಸಹಿ ಹಾಕಲು ಅಲ್ಲಿ ಮೇಜು ಎಲ್ಲಿಂದ ಬರಬೇಕು? ಅಣ್ಣ ತಮ್ಮ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಸೀಟಿನ ಧೂಳನ್ನು ಅಂಗೈಯಲ್ಲಿ ಒರೆಸಿ, ಇಲ್ಲಿಟ್ಕೊಂಡು ಹಾಕಿ ಅಂದರು. ಮೊದಲ ಸಹಿ ನನ್ನದು, ಎರಡನೆಯದು ಅವರದು. ನಾನು ಹಾಳೆ ಹಾರದಂತೆ ಅದುಮಿ ಹಿಡಿದಿದ್ದೆ. ಅವರು ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದರು, ಪಾಪ ಅಕ್ಕನ ಕೈ ಅಂತ ಮರುಗಿದರು. ಆಮೇಲೆ ನಲವತ್ತು ಜನ ಅದೇ ಸೀಟಿನ ಮೇಲೆ ಹಾಳೆ ಇಟ್ಟು, ಸೈಕಲ್ ಬೇಡವೆಂದು ಸಹಿ ಹಾಕಿದರು. ಒಬ್ಬರಿಗಾದರೂ ಹೊಳೆಯಬೇಕಲ್ಲ. ಇಲ್ಲ. ಅವರಿಗೂ ಹೊಳೆಯಲಿಲ್ಲ. ಸೈಕಲ್ ಅಂದರೆ ಆ ಹುಡುಗರದ್ದು. ಅವರದ್ದು ನಮ್ಮ ಕಣ್ಣಿಗೆ ಸೈಕಲ್ಲೇ ಆಗಿರಲಿಲ್ಲ, ಅವರ ಕಾಲಾಗಿತ್ತು.

ಹದಿನೈದು ದಿನಕ್ಕೆ ಬೋರ್ಡು ಬಂತು. ಸರ್ಕಾರಿ ಕೆಲಸ ಅಷ್ಟು ಬೇಗ ಆಗಿದ್ದನ್ನು ನಾನು ಜೀವಮಾನದಲ್ಲಿ ಕಂಡಿದ್ದು ಅದೊಂದೇ ಸಲ. ಜೊತೆಗೊಬ್ಬ ಗಾರ್ಡು. ಹಿರೇಹಳ್ಳಿಯ ಯಾವುದೋ ಫ್ಯಾಕ್ಟರಿಯಲ್ಲಿದ್ದು ಬಂದವನು, ಒಳ್ಳೆಯವನೇ. ನಾನು ಬರುವ ಹೊತ್ತಿಗೆ ಅಣ್ಣನನ್ನು ತಡೆದು ನಿಲ್ಲಿಸಿದ್ದ. ಇವರನ್ನು ಬಿಡಪ್ಪ, ಇವರಿಗೆ ಕಾಲು ಹೀಗಿದೆ ಅಂದೆ. ಅವನು ಬೋರ್ಡಿನ ಕಡೆ ಕೈ ತೋರಿಸಿದ.

"ನಂಗೂ ಕಾಣುಸ್ತದೆ ಮೇಡಂ. ಆ ಕೊನೇ ಲೈನ್ ಒಂದ್ ಇಲ್ದಿದ್ರೆ ಕಣ್ ಮುಚ್ಕೊಂಡ್ ಬುಡ್ತಿದ್ದೆ. ಯಾವ ಕಾರಣಕ್ಕೂ ಅಂತ ಬರ್ದವ್ರಲ್ಲ, ನಾಳೆ ನನ್ ಕೆಲ್ಸ ಹೋಯ್ತದೆ."

ನನ್ನ ಸಾಲನ್ನು ಒಂದಕ್ಷರ ಬದಲಿಸದೆ ಬೋರ್ಡಿಗೆ ಬರೆಸಿದ್ದರು. ಅಣ್ಣ ತಲೆಯೆತ್ತಿ ಅದನ್ನು ನಿಧಾನವಾಗಿ ಓದಿದರು. ಓದಿ ಮುಗಿದ ಮೇಲೆ ನನ್ನ ಕಡೆ ತಿರುಗಿ ನಕ್ಕರು. ಕೋಪ ಮಾಡಿಕೊಂಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ನಾನೂ ಸೈನ್ ಹಾಕಿವ್ನಲ್ಲ ಟೀಚರಮ್ಮ," ಅಂದರು.

ಮಾರನೆಯ ದಿನ ಸೈಕಲ್ಲನ್ನು ಅಂಬಲಿ ಗಾಡಿಯ ಪಕ್ಕ ನಿಲ್ಲಿಸಿ ನಡೆದುಕೊಂಡೇ ಒಳಗೆ ಬಂದರು. ನಾನು ಒಂದು ಸುತ್ತು ಮುಗಿಸಿ ಬಂದಾಗಲೂ ಮೊದಲನೇ ಬೆಂಚಿನ ಮೇಲೆ ಕೂತಿದ್ದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈ ಇನ್ನೂ ತೊಡೆಯನ್ನು ಅದುಮಿಕೊಂಡೇ ಇತ್ತು. ನಾನು ಅವರನ್ನು ಅಷ್ಟು ದಣಿದು ಕಂಡಿರಲೇ ಇಲ್ಲ... ಅದಾದ ಮೇಲೆ ಅವರು ಒಳಗೆ ಬರಲಿಲ್ಲ. ಗೇಟಿನ ಹೊರಗೇ ಸೈಕಲ್ಲಿನ ಮೇಲೆ ಕೂತು, ಒಂದು ಕಾಲು ನೆಲಕ್ಕೂರಿ, ಒಳಗೆ ಹೋಗುವ ಪ್ರತಿಯೊಬ್ಬರಿಗೂ ಎರಡು ಸಲ ಬೆಲ್ಲು ಮಾಡುತ್ತಿದ್ದರು. ನಾವು ಕೈ ಎತ್ತಿ ಒಳಗೆ ಹೋಗುತ್ತಿದ್ದೆವು.

ಇನ್ನೊಂದು ಅರ್ಜಿ ಬರೆಯುತ್ತೇನೆ ಅಣ್ಣ, ನಾಳೆಯೇ ಬರೆಯುತ್ತೇನೆ ಅಂದೆ. ಬುಡಿ ಟೀಚರಮ್ಮ, ನನ್ನೊಬ್ಬನಿಗೋಸ್ಕರ ಯಾಕೆ ಅಂದರು. ನಾನು ಆ ಬುಡಿಯನ್ನೇ ಗಟ್ಟಿಯಾಗಿ ಹಿಡಿದುಕೊಂಡೆ ಅಂತ ಕಾಣುತ್ತದೆ. ಬ್ಯಾಂಕಿನ ಅಕ್ಕನ ಕೈಯ ಕಟ್ಟು ಇನ್ನೂ ಬಿಚ್ಚಿರಲಿಲ್ಲ, ಬೇಜಾರು ಮಾಡಿಕೊಂಡಾರು ಅಂತ ಒಂದು ವಾರ. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಎಂದು ಯಾರೋ ಅಂದರು ಅಂತ ಇನ್ನೊಂದು ವಾರ. ಹಬ್ಬ ಕಳೆಯಲಿ ಅಂತ ಮತ್ತೊಂದು. ಇವೆಲ್ಲ ನೆಪ. ನಿಜ ಹೇಳಬೇಕೆಂದರೆ, ನಾನು ಕೊಟ್ಟ ಮಾರ್ಕ್ಸನ್ನು ತಿದ್ದಿದವಳಲ್ಲ. ನಾನೇ ಬರೆದ ಸಾಲು ತಪ್ಪು ಅಂತ ನಾನೇ ಸಹಿ ಹಾಕಿ ಕೊಡುವುದಕ್ಕೆ ಕೈ ಏಳಲಿಲ್ಲ. ಒಂದು ಹಾಳೆ, ನಾಲ್ಕು ಸಾಲು. ಅಷ್ಟೇ ಇತ್ತು ಕೆಲಸ.

ಒಂದು ದಿನ ಗೇಟಿನಲ್ಲಿ ಬೆಲ್ಲು ಇರಲಿಲ್ಲ. ಅಂಗಡಿಗೆ ಬೀಗ ಬಿದ್ದಿದೆ, ಹುಲಿಯೂರುದುರ್ಗಕ್ಕೆ ಮಗಳ ಮನೆಗೆ ಹೋದರಂತೆ ಎಂದು ಅಂಬಲಿ ಗಾಡಿಯವಳು ಹೇಳಿದಳು. ಇರಲಿ, ಮಗಳ ಹತ್ತಿರ ಹಾಯಾಗಿರಲಿ ಅಂದುಕೊಂಡೆ. ಸತ್ಯವಾಗಿ ಹೇಳುತ್ತೇನೆ, ಗೇಟಿನಲ್ಲಿ ಅವರ ಮುಖ ನೋಡುವುದು ತಪ್ಪಿತಲ್ಲ ಅಂತ ಹಗುರವೂ ಆಯಿತು. ನಾನು ಮೂರು ದಿನ ಕಾಣಲಿಲ್ಲವೆಂದು ಅವರು ಎಳನೀರು ಕಟ್ಟಿಕೊಂಡು ಮನೆಗೆ ಬಂದಿದ್ದರು. ಅವರು ಮೂರು ತಿಂಗಳು ಕಾಣಲಿಲ್ಲ. ಕುಣಿಗಲ್ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದರೆ ಹುಲಿಯೂರುದುರ್ಗ. ನಾನು ಹೋಗಲಿಲ್ಲ.

ಹೋಗಿಬಿಟ್ಟರಂತೆ ಅನ್ನುವ ಸುದ್ದಿಯೂ ಅಂಬಲಿ ಗಾಡಿಯವಳಿಂದಲೇ ಬಂತು. ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. ಹನ್ನೊಂದನೇ ದಿನದ ಕಾರ್ಯ ಮುಗಿಸಿ ಮಗಳು ಅಂಗಡಿ ಖಾಲಿ ಮಾಡಲು ಬಂದಾಗ ಹೋದೆ. ಪಂಕ್ಚರ್ ಹಾಕುವ ರಬ್ಬರ್ ಸಲ್ಯೂಷನ್ನಿನ ವಾಸನೆ ಇನ್ನೂ ಗೋಡೆಗೆ ಅಂಟಿಕೊಂಡಿತ್ತು. ಸೈಕಲ್ಲು ರಸ್ತೆಗೆ ಮುಖ ಮಾಡಿ ನಿಂತಿತ್ತು. ಬಲಗಡೆಯ ಪೆಡಲ್ಲಿಗೆ ಕಟ್ಟಿದ್ದ ಟ್ಯೂಬಿನ ಪಟ್ಟಿ ಹೊಸದು, ಇನ್ನೂ ಸವೆದಿರಲಿಲ್ಲ. ಯಾವಾಗ ಕಟ್ಟಿದ್ದರೋ... ನಾನು ಯಾರು ಅಂತ ಹೇಳುವ ಮೊದಲೇ ಆ ಹುಡುಗಿ ಕೇಳಿದಳು.

"ಟೀಚರಮ್ಮ ನೀವೇನಾ? ಅಪ್ಪಂಗೆ ಯಾವಾಗ್ಲೂ ನಿಮ್ದೇ ಮಾತು. ನಾವು ನಮ್ಮನೇಲೇ ಇದ್ಬುಡಪ್ಪ ಅಂದ್ರೆ, ಟೀಚರಮ್ಮ ಅರ್ಜಿ ಬರೀತಾವ್ರೆ ಕಣಮ್ಮ, ಆಗಿದ್ ತಕ್ಷಣ ಹೊಂಟೋಯ್ತೀನಿ, ಕೆರೆ ಸುತ್ತಬೇಕು ಅನ್ನೋರು."

ಬುಡಿ ಅಂದವರು ಕಾಯುತ್ತಿದ್ದರು. ನಾನು ಬರೆಯುತ್ತಿದ್ದೇನೆ ಅಂತ ನಂಬಿ ಕಾಯುತ್ತಿದ್ದರು. ಆ ಹುಡುಗಿಯ ಮುಂದೆ ನಾನು ಬರೆದಿರಲಿಲ್ಲಮ್ಮ ಅನ್ನುವ ಮಾತು ಬಾಯಿಗೆ ಬಂತು, ಆಚೆಗೆ ಬರಲಿಲ್ಲ. ಹೂಂ ಕಣಮ್ಮ ಅಂದೆ. ಸೈಕಲ್ಲಿನ ಸೀಟು ಮುಟ್ಟಿ ಬಂದುಬಿಟ್ಟೆ.

ನನ್ನ ಅರ್ಜಿಯಿಂದ ಅವರು ಸತ್ತರು ಅನ್ನುವಷ್ಟು ಹುಚ್ಚಿಯಲ್ಲ ನಾನು. ವಯಸ್ಸಾಗಿತ್ತು, ಸಕ್ಕರೆ ಇತ್ತು. ಆದರೆ ಅವರ ಕೊನೆಯ ದಿನಗಳಿಂದ ಈ ಕೆರೆಯನ್ನು ಕಿತ್ತುಕೊಂಡವಳು ನಾನೇ. ಇದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ದಿನಾ ಆ ಬೋರ್ಡಿನ ಪಕ್ಕದಲ್ಲೇ ಹಾದು ಒಳಗೆ ಹೋಗುತ್ತೇನೆ, ತಲೆಯೆತ್ತಿ ನೋಡುವುದಿಲ್ಲ.

ಇವತ್ತು ನೋಡಬೇಕಾಯಿತು. ಪೇಂಟರ್ ಮೇಲಿನ ಸಾಲು ಮುಗಿಸಿದ್ದ. ಕೆಳಗಿನ ಸಾಲಿನ ಮೇಲೆ ಆರು ವರ್ಷದ ಮಳೆ ಬಿಸಿಲು ಬಿದ್ದು ಅಲ್ಲೊಂದು ಕೊಂಬು, ಇಲ್ಲೊಂದು ಒತ್ತಕ್ಷರ ಮಾತ್ರ ಉಳಿದಿತ್ತು. ಸ್ಟೂಲಿನ ಮೇಲಿನಿಂದಲೇ ನನ್ನ ಕಡೆ ತಿರುಗಿದ.

"ಮೇಡಂ, ದಿನಾ ಬರೋರ್ ಅಲ್ವಾ ನೀವು? ಕೊನೇ ಲೈನ್ ಏನಿತ್ತು ಇಲ್ಲಿ?"

ಬೋರ್ಡಿನ ಕಡೆ ನೋಡುತ್ತಲೇ ಹೇಳಿದೆ.

"ಏನೂ ಇರ್ಲಿಲ್ಲಪ್ಪ. ಬಿಟ್ಬಿಡು."

"ಸರಿ ಬುಡಿ," ಅಂದ. ಹಳದಿ ಡಬ್ಬಕ್ಕೆ ಬ್ರಷ್ಷು ಅದ್ದಿ, ಅಳಿದುಳಿದ ಅಕ್ಷರಗಳ ಮೇಲೆ ಒಂದು ಸಲ ಎಳೆದ. ಅಷ್ಟೇ ಹೊತ್ತು ಹಿಡಿದದ್ದು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗೇಟು ದಾಟಿ ಒಳಗೆ ಬಂದೆ, ನೀರನ್ನು ಬಲಕ್ಕೆ ಇಟ್ಟುಕೊಂಡು ಹೊರಟೆ. ಮೊದಲನೇ ಬೆಂಚಿನ ಹತ್ತಿರ ಯಾಕೋ ನಿಂತು, ಹಿಂದಕ್ಕೆ ತಿರುಗಿ, ಅವರು ಸುತ್ತುತ್ತಿದ್ದ ದಿಕ್ಕಿನಲ್ಲಿ ನಡೆಯತೊಡಗಿದೆ. ಎದುರಿಗೆ ಬಂದವರ ಮುಖಗಳೆಲ್ಲ ಕಂಡವು. ಯಾರು ಬಂದಿಲ್ಲ ಅನ್ನುವುದೂ ಕಂಡಿತು.